ಭಾನುವಾರ ಕೇಳಿದ್ದನ್ನು ಸೋಮವಾರ ಮಾಡುವುದು ಹೇಗೆ

ಕ್ರಿಯೆಯಿಲ್ಲದ ನಂಬಿಕೆ ಸತ್ತದ್ದು ಅಂತ ಯಾಕೋಬನ ಪತ್ರಿಕೆಯ 2ನೇ ಅಧ್ಯಾಯದಲ್ಲಿದೆ. ಇದರ ಮೇಲೆ ಪ್ರಸಂಗ ಕೇಳದ ಕ್ರೈಸ್ತರು ಬೆಂಗಳೂರಿನಲ್ಲಿ ಇರಲಿಕ್ಕಿಲ್ಲ. ಅಯ್ಯನವರು ಹೇಳುತ್ತಾರೆ, ನಾವು ತಲೆಯಾಡಿಸುತ್ತೇವೆ. ಆರಾಧನೆ ಮುಗಿದು ಗಾಡಿ ಹೊರಗೆ ತೆಗೆಯುವ ಗಲಾಟೆಯಲ್ಲಿ ಅದು ಮರೆತೇ ಹೋಗುತ್ತದೆ. ನಮ್ಮ ಸಭೆಯ ಹುಡುಗರು ಆಗಾಗ ಬಂದು ಕೇಳುತ್ತಾರೆ: "ಅಂಕಲ್, ಏನಾದ್ರೂ ಮಾಡ್ಬೇಕು ಅನ್ಸುತ್ತೆ. ಎಲ್ಲಿಂದ ಶುರು ಮಾಡೋದು?" ಅವರಿಗೆ ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನಾನು ಒಂದು ಪಿಯು ಕಾಲೇಜಿನ ಆಫೀಸಿನಲ್ಲಿ ಲೆಕ್ಕ ಬರೆದು ನಿವೃತ್ತನಾದವನು. ವಿಲ್ಸನ್ ಗಾರ್ಡನ್‌ನಲ್ಲಿ ಮನೆ. ಭಾನುವಾರ ಹಡ್ಸನ್ ಚರ್ಚು, ಸೋಮವಾರ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ. ದೊಡ್ಡ ಸೇವೆ ಏನಲ್ಲ. ಆದರೆ ಸೋಮವಾರ ಎಂದರೆ ಸೋಮವಾರ.

ಮೊದಲು ಒಂದು ಕೆಲಸ ಆರಿಸಿಕೊಳ್ಳಿ. ಒಂದೇ. ಅದು ನಡೆದು ಹೋಗುವಷ್ಟು ಹತ್ತಿರ ಇರಲಿ, ಇಲ್ಲದಿದ್ದರೆ ಒಂದೇ ಬಸ್ಸಿನ ದೂರ. ಹೆಬ್ಬಾಳದಲ್ಲಿ ಮನೆ ಇಟ್ಟುಕೊಂಡು ಎಲೆಕ್ಟ್ರಾನಿಕ್ ಸಿಟಿಯಲ್ಲಿ ಸೇವೆ ಮಾಡುತ್ತೇನೆ ಅಂದರೆ ನಿಮ್ಮ ಭಕ್ತಿಯ ಬಗ್ಗೆ ನನಗೆ ಅನುಮಾನವಿಲ್ಲ, ಸಿಲ್ಕ್ ಬೋರ್ಡ್ ಟ್ರಾಫಿಕ್ ಬಗ್ಗೆ ಇದೆ. ಹತ್ತಿರದ ಸರ್ಕಾರಿ ಶಾಲೆ, ಬೀದಿಯ ಕೊನೆಯಲ್ಲಿ ಒಬ್ಬರೇ ಇರುವ ಅಜ್ಜಿ, ಏರಿಯಾದ ವೃದ್ಧಾಶ್ರಮ, ಯಾವುದಾದರೂ ಸರಿ. ಕಿದ್ವಾಯಿ ನನ್ನ ಮನೆಗೆ ಹತ್ತಿರ, ಅದಕ್ಕೇ ಕಿದ್ವಾಯಿ. ಬೇರೆ ಕರೆ ಏನೂ ನನಗೆ ಕೇಳಿಸಲಿಲ್ಲ.

ಇನ್ನೊಂದು ಮಾತು. ಡಿಸೆಂಬರ್‌ನಲ್ಲಿ ಶುರು ಮಾಡಬೇಡಿ. ಕ್ರಿಸ್ಮಸ್ ಬಂತು ಅಂದರೆ ಎಲ್ಲ ಸಭೆಯವರೂ ಕೇಕು, ಕಂಬಳಿ ಹಿಡಿದುಕೊಂಡು ಒಂದೇ ಅನಾಥಾಶ್ರಮಕ್ಕೆ ಹೋಗುತ್ತಾರೆ. ಫೋಟೋ ಆಗುತ್ತದೆ, ಸ್ಟೇಟಸ್ ಆಗುತ್ತದೆ. ಜೂನ್‌ನಲ್ಲಿ ಅದೇ ಮಕ್ಕಳಿಗೆ ನೋಟ್‌ಬುಕ್ ಬೇಕಾದಾಗ ಒಬ್ಬರೂ ಇರುವುದಿಲ್ಲ. ಎಡಗೈಗೆ ತಿಳಿಯದ ಹಾಗೆ ಕೊಡಿ ಅಂತ ಯೇಸುಸ್ವಾಮಿ ಹೇಳಿದ್ದು ಮತ್ತಾಯ 6ರಲ್ಲಿ. ನಮ್ಮದು ಬಲಗೈಯಲ್ಲಿ ಕೊಡುವುದು, ಎಡಗೈಯಲ್ಲಿ ಸೆಲ್ಫಿ.

ಜಾಗ ಗೊತ್ತಾದ ಮೇಲೆ ಅಲ್ಲಿಯವರನ್ನೇ ಕೇಳಿ, ಏನು ಬೇಕು ಅಂತ. ಆಸ್ಪತ್ರೆಯಾದರೆ ಅಲ್ಲಿನ ಸಮಾಜ ಕಾರ್ಯಕರ್ತರನ್ನು ಮೊದಲು ಭೇಟಿ ಮಾಡಿ ಒಪ್ಪಿಗೆ ತೆಗೆದುಕೊಳ್ಳಿ. ಸುಮ್ನೆ ವಾರ್ಡಿಗೆ ನುಗ್ಗಬೇಡಿ. ಕೀಮೋ ತೆಗೆದುಕೊಳ್ಳುವವರಿಗೆ ಸೋಂಕು ಬೇಗ ತಗಲುತ್ತದೆ. ನೆಗಡಿ, ಕೆಮ್ಮು ಇದ್ದರೆ ಆ ವಾರ ಹೊರಗಿನ ಕೆಲಸ ಮಾತ್ರ ನೋಡಿ. ಹೆಚ್ಚಿದ ಹಣ್ಣು, ಹೂವಿನ ಬೊಕೆ ತೆಗೆದುಕೊಂಡು ಹೋಗಬೇಡಿ. ಏನೇ ತಿನ್ನಲು ಕೊಡುವ ಮೊದಲು ಸಿಸ್ಟರನ್ನು ಕೇಳಿ.

ನಾನು ಮಾಡುವುದು ಹೊರಗಿನ ಕೆಲಸವೇ ಜಾಸ್ತಿ. ರಾಯಚೂರು, ಕಲಬುರಗಿ, ಬಳ್ಳಾರಿ ಕಡೆಯಿಂದ ರಾತ್ರಿ ಬಸ್ಸು ಹತ್ತಿ ಬೆಳಿಗ್ಗೆ ಮೆಜೆಸ್ಟಿಕ್‌ನಲ್ಲಿ ಇಳಿದವರು ನೇರ ಬಂದು ಕ್ಯೂ ನಿಲ್ಲುತ್ತಾರೆ. ನಿದ್ದೆ ಇಲ್ಲ, ತಿಂಡಿ ಇಲ್ಲ, ಯಾವ ಕೌಂಟರ್ ಯಾವುದಕ್ಕೆ ಅನ್ನುವುದು ಗೊತ್ತಿಲ್ಲ. ಒಂದು ಸಲ ಸಿಂಧನೂರು ಕಡೆಯ ಒಬ್ಬ ಅಮ್ಮ ಮಗನ ರಿಪೋರ್ಟುಗಳನ್ನೆಲ್ಲ ಸೀರೆ ಅಂಗಡಿಯ ಕವರಿನಲ್ಲಿ ಹಾಕಿಕೊಂಡು ಎದೆಗೆ ಅವಚಿ ನಿಂತಿದ್ದರು. "ಅಣ್ಣಾರ, ಇದು ಎಲ್ಲಿ ಕೊಡಬೇಕ್ರಿ?" ಅಂದರು. ಕವರು ತೆಗೆದು ನೋಡಿದೆ. ರೇಷನ್ ಕಾರ್ಡ್ ಇತ್ತು, ಜೆರಾಕ್ಸ್ ಇರಲಿಲ್ಲ. ಜಿಲ್ಲಾಸ್ಪತ್ರೆಯ ರೆಫರಲ್ ಚೀಟಿ ಯಜಮಾನರ ಅಂಗಿ ಜೇಬಿನಲ್ಲಿ, ಯಜಮಾನರು ಗೇಟಿನ ಆಚೆ ಟೀ ಕುಡಿಯಲು ಹೋಗಿದ್ದರು. ಅವರನ್ನು ಹುಡುಕಿ ಕರೆತಂದೆ. ನಾಲ್ಕು ಮಡಿಕೆ ಮಾಡಿ ಬೆವರಿಗೆ ಒದ್ದೆಯಾಗಿದ್ದ ಆ ಚೀಟಿಯನ್ನು ಬಿಡಿಸಿ, ಎಲ್ಲದಕ್ಕೂ ಎರಡೆರಡು ಜೆರಾಕ್ಸ್ ಮಾಡಿಸಿ, ಸರಿಯಾದ ಸಾಲಿನಲ್ಲಿ ನಿಲ್ಲಿಸಿದೆ. ಅಷ್ಟೇ ಕೆಲಸ. ಅದು ಆಗದಿದ್ದರೆ ಅವರಿಗೆ ಇನ್ನೊಂದು ದಿನ ಬೆಂಗಳೂರಿನ ಖರ್ಚು ಬೀಳುತ್ತಿತ್ತು.

ಹಾಗಾಗಿ ಈ ಕೆಲಸಕ್ಕೆ ಬರುವವರು ಆರೋಗ್ಯ ಕರ್ನಾಟಕ ಯೋಜನೆಯ ಬಗ್ಗೆ ಸ್ವಲ್ಪ ತಿಳಿದುಕೊಂಡು ಬನ್ನಿ. 2018ರಲ್ಲಿ ಶುರುವಾದ ಈ ಯೋಜನೆ ಅದೇ ವರ್ಷ ಆಯುಷ್ಮಾನ್ ಭಾರತದ ಜೊತೆ ಸೇರಿತು. ಬಿಪಿಎಲ್ ಕಾರ್ಡ್ ಇರುವ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿ ತನಕ ಚಿಕಿತ್ಸೆ ಸಿಗುತ್ತದೆ. ಆಧಾರ್, ರೇಷನ್ ಕಾರ್ಡ್, ರೆಫರಲ್ ಚೀಟಿ, ಈ ಮೂರೂ ಕೈಯಲ್ಲಿವೆಯಾ ಅಂತ ಮೊದಲು ನೋಡಿ. ರೋಗದ ಬಗ್ಗೆ ಮಾತ್ರ ಬಾಯಿ ಬಿಡಬೇಡಿ. ಅದು ಡಾಕ್ಟರ ಕೆಲಸ. "ನಮ್ಮ ಚಿಕ್ಕಪ್ಪನಿಗೂ ಇದೇ ಆಗಿತ್ತು" ಅನ್ನುವ ಕಥೆ ಬೇಡವೇ ಬೇಡ.

ಇಪ್ಪತ್ತು, ಮೂವತ್ತರ ವಯಸ್ಸಿನವರಿಗೆ ಇದಕ್ಕಿಂತ ಒಳ್ಳೆಯ ಕೆಲಸ ಇನ್ನೊಂದಿದೆ. ರಕ್ತ, ಅದರಲ್ಲೂ ಪ್ಲೇಟ್‌ಲೆಟ್. ಕ್ಯಾನ್ಸರ್ ರೋಗಿಗಳಿಗೆ ಇದು ಮತ್ತೆ ಮತ್ತೆ ಬೇಕಾಗುತ್ತದೆ. ಆದರೆ ತೆಗೆದ ಪ್ಲೇಟ್‌ಲೆಟ್ ಇಡಬಹುದಾದದ್ದು ಸುಮಾರು 5 ದಿನ ಮಾತ್ರ. ವರ್ಷಕ್ಕೊಮ್ಮೆ ಚರ್ಚಿನ ಆವರಣದಲ್ಲಿ ಶಾಮಿಯಾನ ಹಾಕಿ ನೂರಾರು ಜನ ಒಂದೇ ದಿನ ರಕ್ತ ಕೊಟ್ಟರೆ ಅದೂ ಒಳ್ಳೆಯದೇ. ಮುಂದಿನ ತಿಂಗಳ ಪ್ಲೇಟ್‌ಲೆಟ್‌ಗೆ ಮಾತ್ರ ಅದು ಉಪಯೋಗಕ್ಕೆ ಬರುವುದಿಲ್ಲ. ಅದಕ್ಕೆ ಯುವಜನ ಸಂಘದಲ್ಲಿ ಒಂದು ಪಟ್ಟಿ ಮಾಡಿ: ಹೆಸರು, ರಕ್ತದ ಗುಂಪು, ಯಾವ ವಾರ ಯಾರು. ರಕ್ತ ಕೊಡುವವರಿಗೆ 18 ತುಂಬಿರಬೇಕು, ಹಿಮೋಗ್ಲೋಬಿನ್ 12.5 ಇರಬೇಕು. ಒಮ್ಮೆ ಕೊಟ್ಟ ಮೇಲೆ ಗಂಡಸರು 90 ದಿನ, ಹೆಂಗಸರು 120 ದಿನ ಬಿಡಬೇಕು. ಯಂತ್ರದಲ್ಲಿ ಪ್ಲೇಟ್‌ಲೆಟ್ ಮಾತ್ರ ಕೊಡುವುದಾದರೆ ಅಷ್ಟು ದಿನ ಕಾಯಬೇಕಾಗಿಲ್ಲ, ಆದರೆ ಕುರ್ಚಿಯಲ್ಲಿ ಒಂದು, ಒಂದೂವರೆ ಗಂಟೆ ಕೂರಬೇಕು. ಅದಕ್ಕೆ ಮುಂಚಿನ 3 ದಿನ ಆಸ್ಪಿರಿನ್ ತೆಗೆದುಕೊಂಡಿರಬಾರದು. ಹಿಂದಿನ ರಾತ್ರಿ ನಿದ್ದೆ, ಬೆಳಿಗ್ಗೆ ತಿಂಡಿ ಸರಿಯಾಗಿ ಆಗಿರಲಿ.

ಈಗ ಕೆಲವರಿಗೆ ಹಿಡಿಸದ ಮಾತು. ಆಸ್ಪತ್ರೆಯಲ್ಲಿ ಕರಪತ್ರ ಹಂಚಬೇಡಿ. ಹಾಸಿಗೆಯಲ್ಲಿ ಮಲಗಿದವರು ಎದ್ದು ಹೋಗಲಾರರು, ಬೇಡ ಅನ್ನಲೂ ಸಂಕೋಚ. ಆ ಸಂಕೋಚದ ಲಾಭ ತೆಗೆದುಕೊಳ್ಳುವುದು ಸುವಾರ್ತೆ ಅಲ್ಲ. ಮತ್ತಾಯ 25ರಲ್ಲಿ ಕರ್ತನು ಹಸಿದಿದ್ದೆ, ರೋಗಿಯಾಗಿದ್ದೆ, ಸೆರೆಮನೆಯಲ್ಲಿದ್ದೆ ಅನ್ನುತ್ತಾನಲ್ಲ, ಅಲ್ಲಿ ಊಟ ಕೊಟ್ಟವರಿಗೂ ನೋಡಲು ಬಂದವರಿಗೂ ತಾವು ಯಾರಿಗೆ ಮಾಡುತ್ತಿದ್ದೇವೆ ಅನ್ನುವುದು ಗೊತ್ತೇ ಇರಲಿಲ್ಲ. ಯಾರಾದರೂ "ನಮಗೋಸ್ಕರ ಪ್ರಾರ್ಥನೆ ಮಾಡ್ರಿ" ಅಂತ ಕೇಳಿದರೆ ಮಾಡಿ, ಚಿಕ್ಕದಾಗಿ, ಮೆಲ್ಲಗೆ. ಕೇಳದಿದ್ದರೆ ಮನೆಗೆ ಬಂದು ಮಾಡಿ. ನಾನು ಒಂದು ನೋಟ್‌ಬುಕ್ಕಿನಲ್ಲಿ ಬರೀ ಊರಿನ ಹೆಸರು ಬರೆದುಕೊಳ್ಳುತ್ತೇನೆ. ಮಂಗಳವಾರ ಬೆಳಿಗ್ಗೆ ಪ್ರಾರ್ಥನೆಯಲ್ಲಿ ಸಿಂಧನೂರು, ಸೇಡಂ, ಹೊಸದುರ್ಗ ಅಂತ ಓದಿದರೆ ಸಾಕು, ಮುಖ ನೆನಪಿಗೆ ಬರುತ್ತದೆ.

ಸಾವು ಬಂದಾಗ "ದೇವರ ಚಿತ್ತ" ಅನ್ನಬೇಡಿ. ನಿಜವೇ ಇರಬಹುದು, ಆ ಹೊತ್ತಿಗೆ ಬೇಡ. ಬೈಬಲಿನಲ್ಲಿ ಮಕ್ಕಳನ್ನೆಲ್ಲ ಕಳೆದುಕೊಂಡ ಯೋಬನ ಸ್ನೇಹಿತರು ಏಳು ದಿನ ಮಾತಿಲ್ಲದೆ ಅವನ ಜೊತೆ ನೆಲದ ಮೇಲೆ ಕೂತಿದ್ದರು. ಅಲ್ಲಿಯವರೆಗೂ ಅವರು ಒಳ್ಳೆಯ ಸ್ನೇಹಿತರೇ. ಬಾಯಿ ತೆರೆದ ಮೇಲೆ ಕೆಟ್ಟಿತು. ನೀವು ಸುಮ್ಮನೆ ಪಕ್ಕದಲ್ಲಿ ಕೂತು, ಊರಿಗೆ ಫೋನ್ ಮಾಡಲು ಅವರ ಮೊಬೈಲ್‌ನಲ್ಲಿ ಚಾರ್ಜ್ ಇದೆಯಾ ನೋಡಿ.

ಸ್ಥಿರವಾಗಿರಿ ಅನ್ನುವ ಮಾತನ್ನು ನಾವು ಸಾಮಾನ್ಯವಾಗಿ ಹಿಂಸೆಯ ಕಾಲಕ್ಕೆ ಇಟ್ಟುಕೊಳ್ಳುತ್ತೇವೆ. ದಾನಿಯೇಲನ ಸಿಂಹದ ಗುಹೆ, ಅವನ ಸ್ನೇಹಿತರ ಬೆಂಕಿಯ ಕುಲುಮೆ. ನನಗೆ ಅನ್ನಿಸುವುದು ಬೇರೆ. ನಮ್ಮಂಥವರ ನಂಬಿಕೆ ಸೋಲುವುದು ಬೇಜಾರಿಗೆ. ಮಳೆ ಬಂತು, ಮದುವೆ ಬಂತು, ಮ್ಯಾಚ್ ಇದೆ. ಹೋದ ವಾರ ಯಾರೂ ಥ್ಯಾಂಕ್ಸ್ ಹೇಳಲಿಲ್ಲ. ಪೌಲನಿಗೆ ಇದು ಗೊತ್ತಿತ್ತು ಅಂತ ಕಾಣುತ್ತದೆ. ಗಲಾತ್ಯದವರಿಗೆ ಬರೆದ ಪತ್ರಿಕೆಯ 6ನೇ ಅಧ್ಯಾಯದಲ್ಲಿ ಒಳ್ಳೆಯದನ್ನು ಮಾಡುವುದರಲ್ಲಿ ಬೇಸರಪಡಬೇಡಿ ಅನ್ನುತ್ತಾನೆ. ನಮ್ಮ ಚರ್ಚಿನ ಹತ್ತಿರವೇ ಇರುವ ಸೇಂಟ್ ಮಾರ್ಥಾಸ್ ಆಸ್ಪತ್ರೆಯನ್ನು ಗುಡ್ ಶೆಪರ್ಡ್ ಸಿಸ್ಟರುಗಳು 1886ರಲ್ಲಿ ಶುರು ಮಾಡಿದರು. ಶುರು ಮಾಡಿದ ವರ್ಷ ಎಲ್ಲರೂ ಹೇಳುತ್ತಾರೆ. ಆವತ್ತಿನಿಂದ ಪ್ರತಿ ರಾತ್ರಿ ಯಾರೋ ಒಬ್ಬರು ಎಚ್ಚರ ಇದ್ದು ಹಾಸಿಗೆ ಬಟ್ಟೆ ಬದಲಾಯಿಸಿದ್ದಾರಲ್ಲ, ಅವರ ಹೆಸರು ಎಲ್ಲೂ ಇಲ್ಲ.

ಬೇಜಾರಿಗೆ ನನಗೆ ಗೊತ್ತಿರುವ ಮದ್ದು ಎರಡೇ. ಒಂದು, ಸಮಯ ಕಡಿಮೆ ಇಟ್ಟುಕೊಳ್ಳಿ. ಎರಡು ಗಂಟೆ ಸಾಕು. ಹುರುಪಿನಲ್ಲಿ ಇಡೀ ದಿನ ಅಂತ ಶುರು ಮಾಡಿದವರು ಬೇಗ ಕಾಣೆಯಾಗುತ್ತಾರೆ. ಕೆಲಸಕ್ಕೆ ಹೋಗುವವರು ತಿಂಗಳಿಗೆ ಒಂದು ಶನಿವಾರ ಅಂತ ಇಟ್ಟುಕೊಂಡರೂ ನಡೆಯುತ್ತದೆ, ಆ ಶನಿವಾರ ತಪ್ಪದಿದ್ದರೆ ಸರಿ. ಎರಡನೆಯದು, ಒಬ್ಬರೇ ಮಾಡಬೇಡಿ. ಜೊತೆಗೆ ಇನ್ನೊಬ್ಬರನ್ನು ಹಿಡಿಯಿರಿ. ನಿಮ್ಮ ಸಭೆಯವರೇ ಆಗಬೇಕಿಲ್ಲ. ನನ್ನ ಜೊತೆ ಬರುವವರು ನಮ್ಮ ಬೀದಿಯ ಅಯ್ಯಪ್ಪ ಭಕ್ತರು, ಮಾಲೆ ಹಾಕಿದಾಗಲೂ ತಪ್ಪಿಸುವುದಿಲ್ಲ. ನನಗಿಂತ ಅವರೇ ಹೊತ್ತಿಗೆ ಸರಿಯಾಗಿ ಬರುತ್ತಾರೆ.

ಬರಲಾಗದಿದ್ದರೆ ಜೊತೆಯವರಿಗೆ ಭಾನುವಾರ ಸಾಯಂಕಾಲವೇ ಫೋನ್ ಮಾಡಿ ಹೇಳಿ. ಬೆಳಿಗ್ಗೆ ಎಂಟಕ್ಕೆ ವಾಟ್ಸಾಪ್ ಹಾಕಬೇಡಿ. ಅಷ್ಟೊತ್ತಿಗೆ ಬದಲಿ ಯಾರೂ ಸಿಗುವುದಿಲ್ಲ, ಕ್ಯೂ ಆಗಲೇ ಗೇಟಿನ ತನಕ ಬಂದಿರುತ್ತದೆ.