ಕತ್ತಿನ ಸ್ಕಿನ್ ಟ್ಯಾಗ್‌ಗೆ ದಾರ ಕಟ್ಟಿದ ಕಥೆ

ಕಾಲರ್ ಉಜ್ಜುವ ಜಾಗದಲ್ಲೇ ಅದು ಹುಟ್ಟಿಕೊಂಡಿತ್ತು. ಸಾಸಿವೆ ಕಾಳಿಗಿಂತ ತುಸು ದೊಡ್ಡದು, ಸಣ್ಣ ತೊಟ್ಟಿನಿಂದ ನೇತಾಡುವ ಮೆತ್ತನೆಯ ಚರ್ಮದ ಚೂರು. ನೋವಿಲ್ಲ, ತುರಿಕೆಯಿಲ್ಲ. ಆದರೆ ಕೈ ಸುಮ್ಮನಿರಬೇಕಲ್ಲ! ಫೋನಿನಲ್ಲಿ ಮಾತನಾಡುವಾಗಲೆಲ್ಲ ಬೆರಳು ಅಲ್ಲಿಗೇ ಹೋಗಿ ಅದನ್ನು ತಿರುಚುತ್ತಿತ್ತು.

ಮನೆಯಲ್ಲಿ ಎಲ್ಲರೂ ಅದನ್ನು ನರುಳ್ಳೆ ಎಂದರು. ಮೈಮೇಲೆ ಎದ್ದದ್ದೆಲ್ಲ ನಮಗೆ ನರುಳ್ಳೆಯೇ. ಅರ್ಧ ಎಡವಟ್ಟು ಶುರುವಾಗುವುದು ಇಲ್ಲಿಂದ. ನಿಜವಾದ ನರುಳ್ಳೆಗೆ ವೈರಸ್ ಕಾರಣ, ಅದರ ಮೇಲ್ಮೈ ಒರಟು, ಮುಟ್ಟಿದರೆ ಹರಡಬಹುದು. ಸ್ಕಿನ್ ಟ್ಯಾಗ್ ಅಂಟುವುದಿಲ್ಲ. ಕತ್ತು, ಕಂಕುಳು, ತೊಡೆಸಂದು, ಕಣ್ಣಿನ ರೆಪ್ಪೆ, ಹೀಗೆ ಚರ್ಮ ಮಡಚುವ, ಉಜ್ಜಿಕೊಳ್ಳುವ ಕಡೆ ಅದು ಬೆಳೆಯುತ್ತದೆ. ಒಳಗೆ ಕೊಲಾಜನ್ ಎಂಬ ಪ್ರೋಟೀನಿನ ನಾರು, ಚೂರು ಕೊಬ್ಬು, ತೊಟ್ಟಿನೊಳಗೆ ಹಾಯುವ ಸಣ್ಣ ರಕ್ತನಾಳ, ಅಷ್ಟೇ. ನರುಳ್ಳೆಗೆಂದು ಮಾರುವ ಸ್ಯಾಲಿಸಿಲಿಕ್ ಆಮ್ಲದ ಮದ್ದನ್ನು ಇದಕ್ಕೆ ಹಚ್ಚಿದರೆ ಸುಡುವುದು ಸುತ್ತಲಿನ ಒಳ್ಳೆಯ ಚರ್ಮ.

ನಾನು ಆರಿಸಿಕೊಂಡದ್ದು ದಾರ. ತೊಟ್ಟನ್ನು ಬಿಗಿದರೆ ರಕ್ತ ನಿಲ್ಲುತ್ತದೆ, ರಕ್ತ ನಿಂತರೆ ತುದಿ ಒಣಗಿ ಉದುರುತ್ತದೆ. ಕೇಳಲು ಸುಲಭ. ಕನ್ನಡಿಯ ಮುಂದೆ ನಿಂತು ನಮ್ಮ ಕತ್ತಿಗೆ ನಾವೇ ಗಂಟು ಹಾಕಲು ಹೋದಾಗ ಗೊತ್ತಾಗುತ್ತದೆ. ಬಲಕ್ಕೆ ಹೋಗಬೇಕಾದ ಕೈ ಎಡಕ್ಕೆ ಹೋಗುತ್ತದೆ. ಕಾಲು ಗಂಟೆ ಒದ್ದಾಡಿ ತಂಗಿಯನ್ನು ಕರೆದೆ. ಅವಳು ಕೈ ತೊಳೆದು, ಜಾಗವನ್ನು ಸೋಪಿನಿಂದ ತೊಳೆದು ಒಣಗಿಸಿ, ಹಲ್ಲಿನ ಸಂದಿ ಸ್ವಚ್ಛಗೊಳಿಸುವ ಫ್ಲಾಸ್ ದಾರವನ್ನು ಬುಡಕ್ಕೆ ಸುತ್ತಿದಳು. ಹೊಲಿಗೆ ದಾರಕ್ಕಿಂತ ಅದು ಗಟ್ಟಿ, ಎಳೆ ಬಿಚ್ಚಿಕೊಳ್ಳುವುದಿಲ್ಲ.

ಮೊದಲ ಸಲ ನನಗೆ ನೋವಾದೀತೆಂದು ಅವಳು ಸಡಿಲವಾಗಿ ಕಟ್ಟಿದ್ದಳು. ಅದೇ ತಪ್ಪಾಯಿತು. ರಕ್ತ ಒಳಗೆ ಬರುತ್ತಿತ್ತು, ಹೊರಗೆ ಹೋಗುತ್ತಿರಲಿಲ್ಲ. ಮಾರನೆಯ ದಿನಕ್ಕೆ ಟ್ಯಾಗ್ ಊದಿಕೊಂಡು ಕೆಂಪು ಮಣಿಯಂತಾಯಿತು, ದಿಂಬಿಗೆ ತಾಗಿದರೂ ಚುಳ್ ಎನ್ನುತ್ತಿತ್ತು. ಎರಡನೆಯ ದಿನ ಬಿಚ್ಚಿ ಮತ್ತೆ ಕಟ್ಟಿದೆವು, ಈ ಬಾರಿ ಬಿಗಿಯಾಗಿ. ಇರುವೆ ಕಚ್ಚಿದಷ್ಟು ನೋವು, ಅರ್ಧ ಗಂಟೆಯಲ್ಲಿ ಮಾಯ. ಬಣ್ಣ ನೇರಳೆಗೆ ತಿರುಗಿತು, ಆಮೇಲೆ ಕಪ್ಪು. ಆರನೆಯ ದಿನ ಟವೆಲ್‌ನಲ್ಲಿ ಒಣಗಿದ ಕಪ್ಪು ಚೂರೊಂದು ಸಿಕ್ಕಿತು. ಜಾಗದಲ್ಲಿ ಗುಲಾಬಿ ಚುಕ್ಕೆ. ಪೆಟ್ರೋಲಿಯಂ ಜೆಲ್ಲಿ ಹಚ್ಚಿ ಪಟ್ಟಿ ಅಂಟಿಸಿದೆ, ವಾರದಲ್ಲಿ ಮಾಯಿತು.

ಗೆದ್ದವರ ಧೈರ್ಯವೇ ಬೇರೆ. ಕಂಕುಳಿನಲ್ಲಿದ್ದ ಇನ್ನೊಂದಕ್ಕೆ ದಾರ ಕಟ್ಟುವ ತಾಳ್ಮೆಯೂ ಇಲ್ಲದೆ, ವಿನೆಗರ್‌ನಲ್ಲಿ ಅದ್ದಿದ ಹತ್ತಿಯನ್ನು ರಾತ್ರಿಯಿಡೀ ಅಂಟಿಸಿಕೊಂಡು ಮಲಗಿದೆ. ಬೆಳಿಗ್ಗೆ ಟ್ಯಾಗ್ ಇದ್ದಲ್ಲೇ ಇತ್ತು, ಸುತ್ತಲಿನ ಚರ್ಮ ಮಾತ್ರ ಸುಲಿದಿತ್ತು. ಅಲ್ಲಿ ಉಳಿದ ಕಪ್ಪು ಕಲೆ ಮಾಸಲು ತಿಂಗಳುಗಳೇ ಬೇಕಾದವು. ಆನ್‌ಲೈನಿನಲ್ಲಿ ಸಿಗುವ ಮುಲಾಮುಗಳ ಕಡೆಗೂ ಕೈ ಹೋಗಿತ್ತು. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಸಂಸ್ಥೆ 2022ರಲ್ಲಿ ಇಂಥವನ್ನು ಮಾರುವವರಿಗೆ ಎಚ್ಚರಿಕೆ ಪತ್ರ ಕಳುಹಿಸಿದ್ದನ್ನು ಓದಿ ಕೈ ಹಿಂದೆಗೆದೆ. ಕತ್ತರಿಯ ಯೋಚನೆ ಬಂದವರು ಆ ತೊಟ್ಟಿನ ರಕ್ತನಾಳವನ್ನು ನೆನಪಿಸಿಕೊಳ್ಳಲಿ. ಆಕಸ್ಮಿಕವಾಗಿ ಕಿತ್ತುಬಂದು ರಕ್ತ ಸುರಿದರೆ ಶುಭ್ರ ಬಟ್ಟೆಯಿಂದ 10 ನಿಮಿಷ ಬಿಡದೆ ಒತ್ತಿ ಹಿಡಿಯಬೇಕು, ನಡುನಡುವೆ ತೆಗೆದು ನೋಡಬಾರದು.

ಮೂರನೆಯದು ಬೆನ್ನಿನಲ್ಲಿತ್ತು. ಅದಕ್ಕೂ ದಾರ ಕಟ್ಟಲು ತಂಗಿಯನ್ನು ಕೂರಿಸಿದೆ. ಅವಳು ಟಾರ್ಚ್ ಹಿಡಿದು ನೋಡಿ, "ಇದಕ್ಕೆ ತೊಟ್ಟೇ ಇಲ್ಲವಲ್ಲ, ಎಲ್ಲಿಗೆ ಕಟ್ಟಲಿ?" ಎಂದಳು. ಬುಡ ಅಗಲ, ಬಣ್ಣ ಒಂದು ಬದಿ ಕಂದು, ಇನ್ನೊಂದು ಬದಿ ಹೆಚ್ಚು ಕಪ್ಪು. ಆ ಒಂದು ಮಾತಿನಿಂದ ನಾನು ಚರ್ಮರೋಗ ತಜ್ಞರ ಬಳಿ ಹೋದೆ.

ಅವರು ಚರ್ಮವನ್ನು ದೊಡ್ಡದಾಗಿಸಿ ತೋರಿಸುವ ಡರ್ಮಟೋಸ್ಕೋಪ್ ಇಟ್ಟು ನೋಡಿ ಅದು ಸ್ಕಿನ್ ಟ್ಯಾಗ್ ಅಲ್ಲ, ಉಬ್ಬಿದ ಮಚ್ಚೆ ಎಂದರು. ಮರಗಟ್ಟಿಸುವ ಚುಚ್ಚುಮದ್ದು ಕೊಟ್ಟು ತೆಗೆದು ಪ್ರಯೋಗಾಲಯಕ್ಕೆ ಕಳುಹಿಸಿದರು. ವರದಿಯಲ್ಲಿ ಅಪಾಯವಿಲ್ಲವೆಂದೇ ಬಂತು. ಆದರೆ ದಾರ ಕಟ್ಟಿದ ಸುದ್ದಿ ಕೇಳಿದ ಅವರು ಹೇಳಿದ್ದು ಇಂದಿಗೂ ಕಿವಿಯಲ್ಲಿದೆ: "ಕೊಳೆತು ಉದುರಿದ ಮೇಲೆ ನಾನು ಏನನ್ನು ಪರೀಕ್ಷೆಗೆ ಕಳುಹಿಸಲಿ? ಕಸದ ಬುಟ್ಟಿಯನ್ನೇ?" ಕತ್ತಿನದು ಸ್ಕಿನ್ ಟ್ಯಾಗೇ ಆಗಿತ್ತೆಂದು ನನಗೆ ನಾನೇ ಹೇಳಿಕೊಂಡದ್ದು ಬಿಟ್ಟರೆ ಬೇರೆ ಸಾಕ್ಷಿಯಿಲ್ಲ.

ಹಾಗಾಗಿ ಈಗ ಯಾರಾದರೂ ಕೇಳಿದರೆ, ಮೊದಲು ಒಮ್ಮೆ ವೈದ್ಯರಿಗೆ ತೋರಿಸಿ, ದಾರದ ಮಾತು ಆಮೇಲೆ ಎನ್ನುತ್ತೇನೆ. ಬಣ್ಣ ಬದಲಾಗುತ್ತಿದ್ದರೆ, ಅಂಚು ಸೊಟ್ಟಗಿದ್ದರೆ, ಬೇಗ ಬೆಳೆಯುತ್ತಿದ್ದರೆ, ತಾನಾಗಿ ರಕ್ತ ಒಸರುತ್ತಿದ್ದರೆ ಮನೆಯ ಪ್ರಯೋಗ ಬೇಡವೇ ಬೇಡ. ರೆಪ್ಪೆ ಮತ್ತು ಗುಪ್ತಾಂಗದ ಬಳಿ ಇರುವುದನ್ನು ಮುಟ್ಟಬಾರದು. ಮಧುಮೇಹ ಇರುವವರು, ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು, ಗಾಯ ಮಾದ ಮೇಲೆ ಉಬ್ಬು ಕಲೆ ಏಳುವ ಮೈಯವರು ಸಹ ದೂರವಿರುವುದು ಲೇಸು. ಕಟ್ಟಿದ ಮೇಲೆ ಕೆಂಪು ಹರಡಿದರೆ, ಕೀವು ಅಥವಾ ಜ್ವರ ಬಂದರೆ ಕಾಯುತ್ತ ಕೂರಬಾರದು.

ವೈದ್ಯರು ಕೇಳಿದ ಇನ್ನೊಂದು ಪ್ರಶ್ನೆ ನಾನು ಊಹಿಸಿರದದ್ದು: "ಸಕ್ಕರೆ ಪರೀಕ್ಷೆ ಮಾಡಿಸಿ ಎಷ್ಟು ದಿನವಾಯಿತು?" ಟ್ಯಾಗ್‌ಗಳು ಒಂದರ ಹಿಂದೆ ಒಂದು ಏಳುತ್ತಿದ್ದರೆ, ಕತ್ತಿನ ಹಿಂಭಾಗ ಕಪ್ಪಾಗಿ ಮಖಮಲ್ಲಿನಂತೆ ದಪ್ಪಗಾಗಿದ್ದರೆ, ದೇಹ ಇನ್ಸುಲಿನ್‌ಗೆ ಸರಿಯಾಗಿ ಓಗೊಡುತ್ತಿಲ್ಲ ಎಂಬ ಸುಳಿವಿರಬಹುದಂತೆ. ನನ್ನ ಕತ್ತಿನ ಕಪ್ಪನ್ನು ನಾನು ಬಿಸಿಲಿನ ಖಾತೆಗೆ ಬರೆದಿದ್ದೆ. ಎರಡು ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ತೋರಿಸುವ ರಕ್ತಪರೀಕ್ಷೆ ಎಚ್‌ಬಿಎ1ಸಿ ಶೇಕಡಾ 5.9 ಬಂತು, 5.7ರಿಂದ 6.4ರವರೆಗೆ ಮಧುಮೇಹದ ಹೊಸ್ತಿಲು.

ಕಂಕುಳಿನದನ್ನು ಅವರೇ ದ್ರವ ಸಾರಜನಕದಿಂದ ಹೆಪ್ಪುಗಟ್ಟಿಸಿದರು, ಕೆಲವೇ ಸೆಕೆಂಡಿನ ಕೆಲಸ. ಅದರ ಪಕ್ಕದಲ್ಲಿ ಹೊಸದೊಂದು ಚಿಗುರಿದೆ. ಇರಲಿ ಎಂದು ಬಿಟ್ಟಿದ್ದೇನೆ, ಯಾರಿಗೂ ಕಾಣುವುದಿಲ್ಲ, ಬೆರಳಿಗೂ ಸಿಗುವುದಿಲ್ಲ.