ಅಪ್ಪನ ಹಾಸಿಗೆಯಡಿ ಸಿಕ್ಕಿದ ಲಾಟರಿ ಕಟ್ಟು

ರಾತ್ರಿ 2 ಗಂಟೆಗೆ ಎದ್ದು ನೋಡಿದರೆ ಜಗಲಿಯಲ್ಲಿ ಲೈಟ್ ಉರಿಯುತ್ತಿತ್ತು. ಅಪ್ಪ ನೆಲದ ಮೇಲೆ ಪೇಪರ್ ಹಾಸಿಕೊಂಡು ಗೋಡೆ ಗಡಿಯಾರ ಬಿಚ್ಚಿದ್ದರು. ಹಲ್ಲುಚಕ್ರಗಳು ಒಂದು ಸಾಲಿನಲ್ಲಿ, ಸ್ಕ್ರೂಗಳು ಡಬ್ಬಿ ಮುಚ್ಚಳದಲ್ಲಿ. ಸ್ಕ್ರೂ ಸುರಿಯುವುದು, ದೊಡ್ಡದು ಸಣ್ಣದು ಅಂತ ಬೇರೆ ಮಾಡುವುದು, ಮತ್ತೆ ಸುರಿಯುವುದು. "ಅಪ್ಪಾ, ಮಲಗಿ" ಅಂದರೆ, "ಇದೊಂದು ಆಗ್ಲಿ ಮಗಳೇ" ಅನ್ನುತ್ತಿದ್ದರು. ಬೆಳಗಾದರೂ ಆಗುತ್ತಿರಲಿಲ್ಲ.

ನಮ್ಮದು ಮಂಜೇಶ್ವರ. ಅಪ್ಪ 35 ವರ್ಷ ವಾಚ್ ರಿಪೇರಿ ಅಂಗಡಿ ನಡೆಸಿದವರು. ಕೈ ನಡುಗಿಸುವ, ನಡಿಗೆ ನಿಧಾನವಾಗಿಸುವ ಪಾರ್ಕಿನ್ಸನ್ ಕಾಯಿಲೆ ಬಂದು ನಾಲ್ಕು ವರ್ಷವಾಗಿತ್ತು. ಆರು ತಿಂಗಳ ಹಿಂದೆ ಪ್ರಾಮಿಪೆಕ್ಸೋಲ್ ಮಾತ್ರೆಯ ಡೋಸ್ ಜಾಸ್ತಿ ಮಾಡಿದ್ದರು. ಕೈ ನಡುಕ ಕಡಿಮೆಯಾಗಿತ್ತು, ನಮಗೆಲ್ಲ ಖುಷಿ.

ಆಮೇಲೆ ಒಂದು ದಿನ ಹಾಸಿಗೆ ಬಿಸಿಲಿಗೆ ಹಾಕುವಾಗ ಅಡಿಯಲ್ಲಿ ಲಾಟರಿ ಟಿಕೆಟ್ ಸಿಕ್ಕವು. ರಬ್ಬರ್ ಬ್ಯಾಂಡ್ ಹಾಕಿದ ಕಟ್ಟುಗಳು. ಕರ್ನಾಟಕದಲ್ಲಿ 2007ರಲ್ಲೇ ಲಾಟರಿ ನಿಂತಿದೆ. ನಮ್ಮದು ಗಡಿಯ ಈಚೆ, ಕೇರಳ ಲಾಟರಿ ರಸ್ತೆ ಬದಿಯಲ್ಲೇ ಸಿಗುತ್ತದೆ, ದಿನಾ ಮಧ್ಯಾಹ್ನ 3ಕ್ಕೆ ಡ್ರಾ. ಲೆಕ್ಕ ಹಾಕಿದಾಗ ಮೂರು ತಿಂಗಳಲ್ಲಿ ಸುಮಾರು 80,000 ರೂಪಾಯಿ ಹೋಗಿತ್ತು. ಹಬ್ಬಕ್ಕೂ ಇಸ್ಪೀಟ್ ಎಲೆ ಮುಟ್ಟದ ಮನುಷ್ಯ ಅವರು. "ಈ ಪ್ರಾಯದಲ್ಲಿ ಇವರಿಗೆ ಏನಾಯ್ತು?" ಅಂತ ಅಮ್ಮ ಅತ್ತುಬಿಟ್ಟರು.

ನಾನು ಮಾಡಿದ ತಪ್ಪು, ಜಗಳ. ಬೈದೆ, ಟಿಕೆಟ್ ಹರಿದೆ. ಅಪ್ಪ ಎರಡು ವಾರ ನನ್ನ ಜೊತೆ ಮಾತಾಡಲಿಲ್ಲ. ಟಿಕೆಟ್ ಅಡಗಿಸಿಡುವ ಜಾಗ ಬದಲಾಯಿತು, ಅಷ್ಟೇ.

ಟಿಕೆಟ್ ಮೇಲಿನ ತಾರೀಕು ಮತ್ತು ಮಾತ್ರೆ ಚೀಟಿ ಪಕ್ಕಪಕ್ಕ ಇಟ್ಟು ನೋಡಿದಾಗ ಹೊಳೆಯಿತು. ಎಲ್ಲ ಶುರುವಾದದ್ದು ಡೋಸ್ ಏರಿಸಿದ ಮೇಲೆ. ಎರಡನ್ನೂ ಮಂಗಳೂರಿನ ಡಾಕ್ಟರಿಗೆ ತೋರಿಸಿದೆ. ಅಲ್ಲಿಯವರೆಗೆ ಯಾರೂ ನಮ್ಮನ್ನು ಇದರ ಬಗ್ಗೆ ಕೇಳಿರಲಿಲ್ಲ. ನಾವೂ ಹೇಳಿರಲಿಲ್ಲ, ಲಾಟರಿಗೂ ನಡುಕಕ್ಕೂ ಏನು ಸಂಬಂಧ ಅಂತ.

ಸಂಬಂಧ ಇದೆ. ಈ ಜಾತಿಯ ಮಾತ್ರೆಗಳು ಮಿದುಳಿನಲ್ಲಿ ಡೋಪಮಿನ್ ಅನ್ನುವ ರಾಸಾಯನಿಕ ಮಾಡುವ ಕೆಲಸವನ್ನು ಮಾಡುತ್ತವೆ. ಚಲನೆಯ ಭಾಗದ ಜೊತೆಗೆ 'ಇನ್ನೂ ಬೇಕು' ಅನ್ನಿಸುವ ಭಾಗವನ್ನೂ ಕೆರಳಿಸುತ್ತವೆ. ಅಮೆರಿಕ ಮತ್ತು ಕೆನಡಾದಲ್ಲಿ 3,090 ಪಾರ್ಕಿನ್ಸನ್ ರೋಗಿಗಳನ್ನು ನೋಡಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಈ ಜಾತಿಯ ಮಾತ್ರೆ ತೆಗೆದುಕೊಳ್ಳುವವರಲ್ಲಿ 17.1% ಜನರಿಗೆ ಇಂಥ ತೊಂದರೆ ಇತ್ತು. ತೆಗೆದುಕೊಳ್ಳದವರಲ್ಲಿ 6.9%. ಜೂಜು, ಮಿತಿಯಿಲ್ಲದ ಖರೀದಿ, ವಿಪರೀತ ತಿನ್ನುವುದು, ಅತಿಯಾದ ಲೈಂಗಿಕ ಆಸೆ. ಬಿಚ್ಚಿ ಜೋಡಿಸುವ ಆ ಗೀಳಿಗೆ 'ಪಂಡಿಂಗ್' ಅನ್ನುತ್ತಾರಂತೆ. ಎಷ್ಟೋ ಸಲ ಅದು ಹಳೇ ಕಸುಬಿನ ರೂಪದಲ್ಲೇ ಬರುತ್ತದೆ. ಅದನ್ನು ಕೇಳಿ ನನ್ನ ಕಣ್ಣು ತುಂಬಿತು. ಅಪ್ಪನ ಗುಣ ಕೆಟ್ಟಿರಲಿಲ್ಲ ಅಲ್ವಾ?

ಮಾತ್ರೆಯನ್ನು ನಾವಾಗಿ ನಿಲ್ಲಿಸಲಿಲ್ಲ. ಡಾಕ್ಟರು ವಾರಗಟ್ಟಲೆ ಸ್ವಲ್ಪ ಸ್ವಲ್ಪವೇ ಇಳಿಸಿದರು, ಪಾರ್ಕಿನ್ಸನ್‌ನ ಇನ್ನೊಂದು ಔಷಧಿ ಲೆವೊಡೋಪಾ ಹೊಂದಿಸಿದರು. ಆ ದಿನಗಳು ಕಷ್ಟದವು. ಬೆವರು, ಚಡಪಡಿಕೆ, ಕಾರಣವಿಲ್ಲದ ದುಃಖ. ಇಳಿಸುವಾಗ ಹೀಗಾಗಬಹುದು ಅಂತ ಮೊದಲೇ ಹೇಳಿದ್ದರಿಂದ ತಡೆದುಕೊಂಡೆವು. ಒಮ್ಮೆ ಜಾಸ್ತಿಯಾದಾಗ ಫೋನ್ ಮಾಡಿದೆ, ಇಳಿಸುವುದನ್ನು ಇನ್ನೂ ನಿಧಾನ ಮಾಡಿದರು.

ದುಡ್ಡಿನ ವಿಷಯ ಅಪ್ಪನನ್ನು ಕೂರಿಸಿಕೊಂಡೇ ಮಾತಾಡಿದೆ. ಎಟಿಎಂ ಕಾರ್ಡ್ ಅಮ್ಮನ ಹತ್ತಿರ, ಅಪ್ಪನ ಜೇಬಿಗೆ ದಿನಕ್ಕೆ 100 ರೂಪಾಯಿ. ಲಾಟರಿ ಅಂಗಡಿಯವರಿಗೂ ವಿಷಯ ತಿಳಿಸಿದೆ. ಅವರು ಸಾಲ ಕೊಡುವುದನ್ನು ನಿಲ್ಲಿಸಿದರು. ಸ್ಕ್ರೂಡ್ರೈವರ್ ಮಾತ್ರ ಕಸಿದುಕೊಳ್ಳಲಿಲ್ಲ. ಮಧ್ಯದಲ್ಲಿ ತಡೆದರೆ ಸಿಟ್ಟು ಏರುತ್ತಿತ್ತು. ಸಂಜೆ 5ರಿಂದ 6 ಗಡಿಯಾರದ ಹೊತ್ತು, ಅಲಾರಂ ಆದ ಕೂಡಲೇ ಚಹಾ. ಒಂದು ಪುಸ್ತಕದಲ್ಲಿ ಮಾತ್ರೆ, ನಿದ್ದೆ, ಟಿಕೆಟ್ ದಿನಾ ಬರೆದೆ. ಬಾಯಿ ಬಿಡಲು ನಾಚಿಕೆಯಾಗುವ ಪ್ರಶ್ನೆಯನ್ನು ಅಡುಗೆಮನೆಯಲ್ಲಿ ಅಮ್ಮನಿಗೆ ಒಬ್ಬರಿಗೇ ಕೇಳಿದೆ. "ಅಂಥದ್ದೇನಿಲ್ಲ" ಅಂದರು. ಇದ್ದಿದ್ದರೂ ಡಾಕ್ಟರಿಗೆ ಹೇಳುತ್ತಿದ್ದೆ.

ನಾಲ್ಕನೇ ತಿಂಗಳಿಗೆ ರಾತ್ರಿ ನಿದ್ದೆ ಬಂತು. ನಡುಕ ಸ್ವಲ್ಪ ಮರಳಿದೆ, ಲೋಟ ಎರಡೂ ಕೈಯಲ್ಲಿ ಹಿಡಿಯುತ್ತಾರೆ. ಕಳೆದ ಸಲ ಡಾಕ್ಟರು ಕೇಳುವ ಮೊದಲೇ ಅಪ್ಪ ಹೇಳಿದರು: "ಈ ತಿಂಗಳು ಎರಡು ಟಿಕೆಟ್ ತೆಗೆದೆ. ಮಗಳ ಪುಸ್ತಕದಲ್ಲಿ ನಾನೇ ಬರೆದಿದ್ದೇನೆ, ನೋಡಿ."