ಪರಿಸರ ವರದಿಗೆ ಎಐ ಬಳಸುವ ಮುನ್ನ

ಮುಂಬಯಿಯ ಕನ್ನಡ ಪತ್ರಿಕೆಗಳಿಗೆ ಬರೆಯುವವರು ಸಂಘದ ವಾರ್ಷಿಕೋತ್ಸವ, ಯಕ್ಷಗಾನಗಳ ಜತೆಗೆ ಮಳೆ, ಕಡಲು, ಗಾಳಿಯ ಸುದ್ದಿಯನ್ನೂ ನಿಭಾಯಿಸಬೇಕಾಗುತ್ತದೆ. ಹೀಗಿರುವಾಗ ಎಐ ಚಾಟ್‌ಬಾಟ್‌ನ ನೆರವು ಪಡೆಯುವುದು ತಪ್ಪಲ್ಲ. ಆದರೆ ಅದು ದಾಖಲೆಯನ್ನು ಓದಲು ಒದಗಬೇಕೇ ವಿನಾ ತಾನೇ ದಾಖಲೆಯಾಗಬಾರದು.

ಆದ್ದರಿಂದ ಮೊದಲು ಮೂಲ ಕಡತವನ್ನು ಕೈಗೆ ತಂದುಕೊಳ್ಳಿ. ಸಾರ್ವಜನಿಕ ವಿಚಾರಣೆ ನಡೆಯುವ ಯೋಜನೆಗಳ ಪರಿಸರ ಪರಿಣಾಮ ವರದಿಯ ಸಾರಾಂಶವು ಕೇಂದ್ರ ಪರಿಸರ ಸಚಿವಾಲಯದ 2006ರ ಅಧಿಸೂಚನೆಯಂತೆ ಇಂಗ್ಲಿಷಿನಲ್ಲೂ ಸ್ಥಳೀಯ ಭಾಷೆಯಲ್ಲೂ ಇರಬೇಕು. ಪೂರ್ಣ ವರದಿಯಾದರೋ ನೂರಾರು ಪುಟ. ಅದನ್ನು ಚಾಟ್‌ಬಾಟ್‌ಗೆ ಕೊಟ್ಟು, ಯೋಜನೆ ಒಳ್ಳೆಯದೇ ಎಂದು ಕೇಳುವ ಬದಲು, ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ಪ್ರಸ್ತಾಪ ಯಾವ ಯಾವ ಪುಟದಲ್ಲಿದೆ ಎಂದು ಕೇಳಿ, ಆ ಪುಟಗಳನ್ನು ನೀವೇ ತೆರೆದು ಓದಿ. ಗುಟ್ಟಾಗಿ ಮಾಹಿತಿ ಕೊಟ್ಟವರ ಹೆಸರಿರುವ ಟಿಪ್ಪಣಿಯನ್ನು ಮಾತ್ರ ಎಂದೂ ಅಪ್‌ಲೋಡ್ ಮಾಡಬೇಡಿ.

ಹೆಚ್ಚು ಎಚ್ಚರ ಬೇಕಾದದ್ದು ಅಂಕಿಗಳಲ್ಲಿ. 2005ರ ಜುಲೈ 26ರಂದು ಮುಂಬಯಿಯಲ್ಲಿ ಎಷ್ಟು ಮಳೆಯಾಯಿತೆಂದು ಕೇಳಿದರೆ 944 ಮಿಲಿಮೀಟರ್ ಎಂಬ ಉತ್ತರ ಬರಬಹುದು. ಅದು ಸಾಂತಾಕ್ರೂಜ್ ಮಾಪನ ಕೇಂದ್ರದ 24 ಗಂಟೆಗಳ ಲೆಕ್ಕ. ಅದೇ ಅವಧಿಯಲ್ಲಿ ಕೊಲಾಬಾ ಕೇಂದ್ರದಲ್ಲಿ ದಾಖಲಾದದ್ದು ಸುಮಾರು 73 ಮಿಲಿಮೀಟರ್. ಸಂಖ್ಯೆ ಸುಳ್ಳಲ್ಲ, ಸ್ಥಳ ಬಿಟ್ಟುಹೋಗಿದೆ, ಅಷ್ಟಕ್ಕೇ ವರದಿ ದಾರಿತಪ್ಪುತ್ತದೆ. ಗಾಳಿಯ ಗುಣಮಟ್ಟದ್ದೂ ಇದೇ ಕಥೆ: ಗಾಳಿಯಲ್ಲಿನ ಅತಿಸೂಕ್ಷ್ಮ ಕಣಗಳ (ಪಿಎಂ 2.5) ದಿನದ ಸರಾಸರಿ ಪ್ರಮಾಣ ಘನಮೀಟರಿಗೆ 60 ಮೈಕ್ರೊಗ್ರಾಂ ಇದ್ದರೆ ಭಾರತದ ಸೂಚ್ಯಂಕದಲ್ಲಿ ಅದು 100, ಅಂದರೆ ‘ತೃಪ್ತಿಕರ’ದ ಕೊನೆಯ ಅಂಚು, ಅಮೆರಿಕದ ಸೂಚ್ಯಂಕದಲ್ಲಿ ಅದೇ ಗಾಳಿ 150 ದಾಟಿ ‘ಅನಾರೋಗ್ಯಕರ’ವಾಗುತ್ತದೆ. ಎರಡನ್ನೂ ಒಂದೇ ವಾಕ್ಯದಲ್ಲಿ ಬೆರೆಸಿಕೊಡಲು ಯಂತ್ರಕ್ಕೆ ಯಾವ ಸಂಕೋಚವೂ ಇಲ್ಲ. ಪ್ರತಿ ಅಂಕಿಯ ಪಕ್ಕದಲ್ಲಿ ಕೇಂದ್ರ, ಅವಧಿ, ಮಾನಕಗಳನ್ನು ಬರೆದುಕೊಂಡು, ಹವಾಮಾನ ಇಲಾಖೆ ಅಥವಾ ಮಾಲಿನ್ಯ ನಿಯಂತ್ರಣ ಮಂಡಳಿಯ ದಾಖಲೆಯೊಂದಿಗೆ ತಾಳೆ ನೋಡಿ.

ಸಂಶೋಧನಾ ಪ್ರಬಂಧಗಳ ಸಾರಾಂಶ ಮಾಡಿಸುವಾಗ ‘ಸಂಬಂಧವಿರಬಹುದು’ ಎಂದಿದ್ದದ್ದು ‘ಇದೇ ಕಾರಣ’ ಎಂದು ಗಟ್ಟಿಯಾಗಿಬಿಡುವುದುಂಟು. ಒಂದು ದಿನದ ಭಾರಿ ಮಳೆಗೆ ಹವಾಮಾನ ಬದಲಾವಣೆಯೇ ಕಾರಣವೆಂದು ಶೀರ್ಷಿಕೆ ಕೊಡುವ ಮೊದಲು ತಜ್ಞರನ್ನು ಕೇಳುವುದೇ ಸರಿ. ಉಷ್ಣವಲಯದ ಹವಾಮಾನವನ್ನು ಅಧ್ಯಯನ ಮಾಡುವ ಐಐಟಿಎಂ ಸಂಸ್ಥೆ ಪಕ್ಕದ ಪುಣೆಯಲ್ಲೇ ಇದೆ. ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಹಾಕಿ; ಯಂತ್ರ ಹೆಣೆದ ಹೇಳಿಕೆಗೆ ಉದ್ಧರಣ ಚಿಹ್ನೆ ಸಲ್ಲದು.

ಚಿತ್ರದ ವಿಷಯದಲ್ಲಿ ರಿಯಾಯಿತಿ ಬೇಡ. ‘ಎಐ ಚಿತ್ರ’ ಎಂದು ಕೆಳಗೆ ಬರೆದರೂ, ಪ್ರವಾಹದ ಅಥವಾ ಬೊರಿವಲಿಯ ಚಿರತೆಯ ಕೃತಕ ಚಿತ್ರವು ವಾಟ್ಸಾಪ್‌ಗೆ ಹೋಗುವಷ್ಟರಲ್ಲಿ ಆ ಸಾಲು ಕತ್ತರಿಸಿಹೋಗಿರುತ್ತದೆ.

ವರದಿಯ ಕೊನೆಗೆ ಎಐಯನ್ನು ಯಾವ ಕೆಲಸಕ್ಕೆ ಬಳಸಲಾಯಿತು, ಅಂಕಿಗಳನ್ನು ಯಾರು ಪರಿಶೀಲಿಸಿದರು ಎಂದು ಒಂದು ವಾಕ್ಯದಲ್ಲಿ ತಿಳಿಸಿ. ಜಾಲತಾಣದ ಅಂಕಿಗಳು ಬದಲಾಗುತ್ತಿರುವುದರಿಂದ, ನೋಡಿದ ಪುಟದ ಸ್ಕ್ರೀನ್‌ಶಾಟನ್ನೂ ಚಾಟ್‌ಬಾಟ್‌ಗೆ ಕೇಳಿದ ಪ್ರಶ್ನೆಗಳನ್ನೂ ದಿನಾಂಕ ಸಹಿತ ಒಂದೇ ಫೋಲ್ಡರಿನಲ್ಲಿಟ್ಟು, ಪುಟ ಮುದ್ರಣಕ್ಕೆ ಹೋಗುವ ಮೊದಲು ಉಪಸಂಪಾದಕರಿಗೆ ಒಪ್ಪಿಸಿ.